ನಮ್ಮ ಹಿತ್ತಲಿಗೆ ಬರಬೇಕಿದ್ದ ರಸ್ತೆ

ಶಿಡ್ಲಘಟ್ಟದ ನಮ್ಮ ಮನೆಗೆ ಬರುವ ನೆಂಟರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಕ್ಷೇಮ ಕೇಳುತ್ತಿದ್ದರು. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆ ಅದು. ಬೆಂದ ಹುಳದ ವಾಸನೆ ಗೋಡೆಗೂ ಹತ್ತಿತ್ತು, ನನ್ನ ಸ್ಕೂಲಿನ ಲಂಗಕ್ಕೂ ಹತ್ತಿತ್ತು. ನಡುಮನೆಯಲ್ಲೇ ಒಲೆ, ಅದರ ಮೇಲೆ ಕುದಿಯುವ ನೀರಿನ ಬಾಣಲೆ, ಪಕ್ಕದಲ್ಲಿ ಚರಕ. ಅಪ್ಪ ಮಾರ್ಕೆಟ್ಟಿನಿಂದ ಗೂಡು ತರುತ್ತಿದ್ದ. ಅಮ್ಮ ಬಾಣಲೆ ಮುಂದೆ ಕೂತು, ಬಿಸಿನೀರಲ್ಲಿ ಬೆರಳಾಡಿಸಿ ಎಳೆ ಹಿಡಿದು ಕೊಡುತ್ತಿದ್ದಳು. ಸ್ಕೂಲಿಲ್ಲದ ಹೊತ್ತಲ್ಲಿ ಚರಕ ತಿರುಗಿಸುವುದು ನನ್ನ ಪಾಲು. ಎಂಬತ್ತರ ದಶಕದಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳು ಹೀಗೇ ಇದ್ದವು.

ನಾನು ಮಿಡ್ಲ್ ಸ್ಕೂಲಲ್ಲಿದ್ದಾಗ ಅಮ್ಮನಿಗೆ ಕೆಮ್ಮು ಶುರುವಾಯಿತು. ಮೊದಮೊದಲು ಶುಂಠಿ ಕಷಾಯಕ್ಕೆ ಬಗ್ಗುತ್ತಿತ್ತು. ಬರಬರುತ್ತಾ ಮಾತಿನ ಮಧ್ಯೆ ಉಸಿರು ಸಿಗದೆ ಬಾಗಿಲು ಹಿಡಿದು ನಿಲ್ಲುವಂತಾದಳು. ಡಾಕ್ಟರು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಆ ಹೊಗೆ, ಆ ಆವಿ ಮನೆಯೊಳಗೆ ಇರಬಾರ್ದು. ಒಲೆ ಆಚೆ ಹಾಕಿ. ಗಾಳಿಯಾಡೋ ಕಡೆ ಕೂತು ಕೆಲ್ಸ ಮಾಡ್ಲಿ. ಇಲ್ದಿದ್ರೆ ಈ ಹೆಂಗಸು ಉಳಿಯಲ್ಲ."

ಕೆಲಸವನ್ನೇ ಬಿಡೋಣವೆಂದರೆ ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ. ಆದರೆ ಹಿತ್ತಲು ಇತ್ತಲ್ಲ. ಒಂದು ನುಗ್ಗೆಮರ, ಒಂದು ಬಟ್ಟೆ ಒಗೆಯುವ ಕಲ್ಲು, ಮಿಕ್ಕಿದ್ದೆಲ್ಲ ಬಯಲು. ಕಲ್ಲುಕೂಚದ ಕಂಬ ನಿಲ್ಲಿಸಿ, ಮೇಲೆ ಶೀಟು ಹಾಕಿ, ಹೊಗೆ ಹೋಗಲು ಒಂದು ಕೊಳವೆ ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ಆ ವಾರವೇ ಕಟ್ಟಿಬಿಡುತ್ತಿದ್ದರು. ನಮ್ಮಪ್ಪ ಪುರಸಭೆಗೆ ಲೈಸೆನ್ಸು ಕೇಳೋಕೆ ಹೋದ.

ಹೋದ ಕಡೆ ಗೋಡೆಯ ಮೇಲೆ ಮಾಸ್ಟರ್ ಪ್ಲಾನ್ ತೂಗುಹಾಕಿದ್ದರಂತೆ. ಇಪ್ಪತ್ತು ವರ್ಷ ಕಳೆದ ಮೇಲೆ ಊರು ಹೇಗಿರಬೇಕು ಅಂತ ಬಣ್ಣ ಹಾಕಿ ಬರೆದ ನಕ್ಷೆ. ಮನೆಗಳಿಗೆ ಹಳದಿ, ಪಾರ್ಕಿಗೆ ಹಸಿರು. ಚಿಂತಾಮಣಿ ಕಡೆಯಿಂದ ಬರುವ ಲಾರಿಗಳು ಪೇಟೆಯೊಳಗೆ ನುಗ್ಗದ ಹಾಗೆ ಸುತ್ತಿಕೊಂಡು ಹೋಗುವ ಅರವತ್ತಡಿ ರಸ್ತೆ. ಆ ರಸ್ತೆ ಸರಿಯಾಗಿ ನಮ್ಮ ನುಗ್ಗೆಮರದ ಮೇಲೆ ಹಾದುಹೋಗಿತ್ತು. ಅಲ್ಲಿ ಏನೂ ಕಟ್ಟುವ ಹಾಗಿಲ್ಲ ಅಂದರು.

ಮುಖ ಜೋಲು ಹಾಕಿಕೊಂಡು ಬರಬೇಕಿತ್ತು ತಾನೇ? ಇಲ್ಲ, ಬೀಗುತ್ತಾ ಬಂದ ಮಹಾರಾಯ. "ನಮ್ಮ ಹಿತ್ತಲಲ್ಲೇ ಅರವತ್ತಡಿ ರಸ್ತೆ ಕಣೇ. ಊರು ಎಷ್ಟು ದೊಡ್ದಾಗುತ್ತೆ ಅಂತ ಈಗ್ಲೇ ಲೆಕ್ಕ ಹಾಕವ್ರೆ ನೋಡು."

ಅಮ್ಮ ಬಾಣಲೆಯಿಂದ ಕೈ ತೆಗೆಯಲಿಲ್ಲ. "ಇಪ್ಪತ್ತು ವರ್ಷ ಬಿಟ್ಟು ಬರೋ ಲಾರಿಗೆ ನಾನು ಇವತ್ತೇ ಪಕ್ಕಕ್ಕೆ ಸರೀಬೇಕಾ?" ಅಂದಳು. ನಾವು ಮೂವರೂ ನಕ್ಕೆವು. ಅವಳಿಗೆ ನಗು ಕೆಮ್ಮಿಗೆ ತಿರುಗಿತು.

ಸ್ವಲ್ಪ ದಿನಕ್ಕೆ ಟೀ ಅಂಗಡಿಯ ಕಂಬಕ್ಕೆ ಒಂದು ನೋಟೀಸು ಅಂಟಿಸಿದರು. ಪ್ಲಾನಿನ ಬಗ್ಗೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಬರೆದು ಕೊಡಬೇಕು ಅಂತ. ಆ ಒಂದು ಪದವೇ ನಮಗೆ ಮುಳುವಾಯಿತು. ನಮ್ಮ ಕಡೆ ಆಕ್ಷೇಪಣೆ ಅಂದರೆ ಮದುವೆಯಲ್ಲಿ ಗಂಡಿನ ಕಡೆಯವರು ಮಾಡುವುದು: ಒಬ್ಬಟ್ಟಿಗೆ ತುಪ್ಪ ಸಾಲದು, ಚಾಪೆ ಹರಿದಿದೆ, ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ಉಂಡ ಮನೆಯ ಮೇಲೆ ಹುಳುಕು ತೆಗೆಯುವ ಕೆಲಸ ಅದು. ಮರ್ಯಾದಸ್ಥರು ಯಾರಾದರೂ ಅದನ್ನು ಬರೆದು, ಕೆಳಗೆ ಸಹಿ ಬೇರೆ ಹಾಕುತ್ತಾರೆಯೇ?

"ಡಾಕ್ಟ್ರು ಹೇಳಿದ್ದನ್ನ ಅವರಿಗೊಂದು ಮಾತು ತಿಳಿಸಿ ಬನ್ರೀ," ಅಂದಳು ಅಮ್ಮ.

"ಊರಿಗೆ ಒಳ್ಳೇದು ಮಾಡೋರ ಮೇಲೆ ಆಕ್ಷೇಪಣೆ ಹೇಳೋಕೆ ನಾನ್ಯಾರು? ಊರು ಬೆಳೀಬೇಕಾದ್ರೆ ಯಾರಾದ್ರೂ ಜಾಗ ಬಿಡ್ಲೇಬೇಕಲ್ಲ."

"ಮನೆಗೆ ಮಾರಿ, ಊರಿಗೆ ಉಪಕಾರಿ," ಅಂತ ಅಮ್ಮ ಗೊಣಗಿದಳು. ನಮ್ಮ ಬೀದಿಯಿಂದ ಒಂದು ಚೀಟಿಯೂ ಹೋಗಲಿಲ್ಲ. ಆದರೆ ಬೀದಿಯವರೆಲ್ಲ ಹಿತ್ತಲಲ್ಲಿ ತಮಗೆ ಬೇಕಾದ್ದನ್ನು ಕದ್ದುಮುಚ್ಚಿ ಕಟ್ಟಿಕೊಂಡರು. ಯಾರೂ ಬಂದು ಕೇಳಲಿಲ್ಲ. ಅಪ್ಪ ಮಾತ್ರ ಒಂದು ಕಲ್ಲೂ ಇಡಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಹಾಗಂತ ಅವನಿಗೆ ಹೆಂಡತಿ ಮೇಲೆ ಪ್ರೀತಿ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಲೆಯ ಮೇಲಿನ ಗೋಡೆ ಒಡೆದು ಕಿಂಡಿ ಮಾಡಿದ. ಅಮ್ಮನನ್ನು ಎಬ್ಬಿಸಿ ತಾನೇ ಬಾಣಲೆ ಮುಂದೆ ಕೂತ. ಅವನ ದಪ್ಪ ಬೆರಳಿಗೆ ಎಳೆ ನಿಲ್ಲದೆ ನೂಲೆಲ್ಲ ಗಂಟುಗಂಟಾಯಿತು, ಕೊಳ್ಳುವವರು ಮುಟ್ಟಲಿಲ್ಲ. ಅಮ್ಮ ಮತ್ತೆ ಹೋಗಿ ಕೂತಳು. ಆ ಬಿಸಿನೀರಲ್ಲಿ ಅವಳ ಬೆರಳುಗಳ ಚರ್ಮ ಬೆಳ್ಳಗೆ ಸುಲಿದಿರುತ್ತಿತ್ತು. ಅನ್ನ ಕಲಸಲೂ ಉರಿಯೆಂದು ಚಮಚ ಕೇಳುತ್ತಿದ್ದಳು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಳು. ಒಂದು ಬೆಳಿಗ್ಗೆ ಕೆಮ್ಮು ನಿಂತಿತು. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪನ ಜೊತೆ ನಾನು ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ.

ಚರಕ ಮಾರಿ ಅಪ್ಪ ಗೂಡಿನ ಮಂಡಿಯಲ್ಲಿ ತೂಕದ ಕೆಲಸಕ್ಕೆ ಸೇರಿದ. ಹಿತ್ತಲನ್ನು ಮಾತ್ರ ಯಾರೋ ಕೊಟ್ಟುಹೋದ ಅಡವಿನ ಹಾಗೆ ಕಾಯುತ್ತಿದ್ದ. ಕಳೆ ಕೀಳುತ್ತಿದ್ದ, ಗುಡಿಸುತ್ತಿದ್ದ. ನುಗ್ಗೆಮರವನ್ನು ತಾನೇ ಕಡಿಸಿಹಾಕಿದ. ಅಳತೆಯ ಸರಪಳಿ ಹಿಡಿದವರು ಯಾರಾದರೂ ಬೀದಿಗೆ ಬಂದರೆ ಓಡಿಹೋಗಿ, "ರಸ್ತೆಗಾ ಸಾಮಿ?" ಅಂತ ಕೇಳುತ್ತಿದ್ದ. ಅವರು ಕರೆಂಟಿನವರೋ ನೀರಿನವರೋ ಆಗಿರುತ್ತಿದ್ದರು.

ನಾನು ಮದುವೆಯಾಗಿ ಗೌರಿಬಿದನೂರಿಗೆ ಹೋದೆ. ತೊಂಬತ್ತರ ದಶಕದ ಮಧ್ಯದಲ್ಲಿ ಒಮ್ಮೆ ತವರಿಗೆ ಬಂದಾಗ ಪಕ್ಕದ ಮನೆಯಾಕೆ ಬಾಗಿಲಲ್ಲೇ ಹಿಡಿದು ನಿಲ್ಲಿಸಿ, "ನಿಮ್ಮಪ್ಪನ ಅದೃಷ್ಟ ಕಣಮ್ಮ. ಹೊಸ ಪ್ಲಾನ್ ಬಂದೈತೆ. ರಸ್ತೆ ಕೆರೆ ಆಚೆಗೆ ಹೋಯ್ತು. ನಮ್ಮ ಹಿತ್ತಲೆಲ್ಲ ಉಳೀತು," ಅಂದಳು. ಬೀದಿಯಲ್ಲಿ ಎಲ್ಲರಿಗೂ ಖುಷಿ. ಅಪ್ಪ ಒಗೆದ ಪಂಚೆ ಉಟ್ಟು, "ಬಾರಮ್ಮ, ಒಂದು ಕಡೆ ಹೋಗ್ಬರಣ," ಅಂದ.

ಹೋದದ್ದು ಪುರಸಭೆಗೇ. ಗೋಡೆಯ ಮೇಲೆ ಹೊಸ ನಕ್ಷೆ. ಕೂತಿದ್ದ ಅಧಿಕಾರಿ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದ ಕುರ್ಚಿ ಕೊಟ್ಟರು. ಅಪ್ಪ ಕೂರಲಿಲ್ಲ. ಅವರು ನಮ್ಮ ಬೀದಿ ಹುಡುಕಿ ಬೆರಳಿಟ್ಟು, "ನೋಡಿ ಯಜಮಾನ್ರೇ, ಪೂರ್ತಿ ಹಳದಿ. ರಸ್ತೆ ತೆಗೆದುಬಿಟ್ಟಿದೀವಿ. ಇನ್ನು ಏನು ಬೇಕಾದ್ರೂ ಕಟ್ಕೋಬಹುದು," ಅಂದರು.

"ಅದನ್ನ ತೆಗೀಬೇಡಿ ಸಾಮಿ," ಅಂದ ಅಪ್ಪ.

ಅವರಿಗೆ ಅರ್ಥವಾಗದೆ ನನ್ನ ಮುಖ ನೋಡಿದರು. "ಎಲ್ಲರೂ ತೆಗೀರಿ ಅಂತ ಬರ್ತಾರೆ. ನಿಮಗ್ಯಾಕೆ ರಸ್ತೆ?"

"ನಾನು ಏನೂ ಕಟ್ಟಿಲ್ಲ. ಜಾಗ ಹಂಗೇ ಐತೆ, ಬಂದು ನೋಡಿ." ನಾನು ಅವನ ತೋಳು ಹಿಡಿದುಕೊಂಡೆ. "ಅರವತ್ತಡಿ ಆಗ್ದೆ ಹೋದ್ರೆ ಬ್ಯಾಡ. ಒಂದು ಎತ್ತಿನಗಾಡಿ ಹೋಗೋಷ್ಟಾದ್ರೂ ಮಾಡಿ ಸಾಮಿ. ನನ್ನ ಹೆಂಡ್ತಿ ಬಿಟ್ಟುಕೊಟ್ಟು ಹೋಗಿರೋ ಜಾಗ ಅದು."