ನಾಲ್ಕನೆಯ ಅಂಕಿ

ಲಗಮಣ್ಣನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಒಳ್ಳೆಯವನೆಂದು ತಿಳಿಯುವುದು ಬೇಡ. ಸೊರಡಿಯ ಕುರಿ ಕಾಯುವ ಮನೆಯವನು, ಪುಣೆಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ, ಅಲ್ಲಿಯೇ ಒಂದು ಪ್ರಯೋಗಶಾಲೆಯಲ್ಲಿದ್ದು, ಸಾಹೇಬರೊಡನೆ ಜಗಳಾಡಿ ೧೯೬೮ರಲ್ಲಿ ಜತ್ತಿನ ನಮ್ಮ ಹೈಸ್ಕೂಲಿಗೆ ಮಾಸ್ತರನಾಗಿ ಬಂದ. ನಾನು ಪೇಟೆಯ ಅಂಗಡಿಕಾರರ ಮಗ ಶಿವಯೋಗೆಪ್ಪ, ಮ್ಯಾಟ್ರಿಕ್ ಎರಡು ಸಲ ನಪಾಸಾಗಿ ಅದೇ ಶಾಲೆಯಲ್ಲಿ ಕಾರಕೂನ. ಅವನು ಆಫೀಸಿಗೆ ಬಂದರೆ ಹೆಡ್‌ಮಾಸ್ತರರು ಎದ್ದು ಕುರ್ಚಿ ಕೊಡುತ್ತಿದ್ದರು. ನನ್ನ ಹೊಟ್ಟೆ ಉರಿಯುತ್ತಿತ್ತು.

ಪುಣೆಯಿಂದ ಅವನು ಒಂದು ಹರಳಿನ ಲೆಕ್ಕ ತಂದಿದ್ದ. ಹರಳಿನೊಳಗೆ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ಕಂಡುಹಿಡಿಯುವುದಂತೆ. ಒಂದೊಂದು ಪರಮಾಣುವಿಗೂ ಮೂರು ಸಂಖ್ಯೆ, ಒಂದೊಂದು ಸಂಖ್ಯೆಗೂ ದಶಾಂಶದ ಮುಂದೆ ನಾಲ್ಕು ಅಂಕಿ. ಮೂರು ವರ್ಷ ಲಾಗ್ ಟೇಬಲ್ ಹಿಡಿದು ಕೂತ. ಮದುವೆಯಾಗು ಅಂದವರಿಗೆ, ನಲವತ್ತೊಂದು ಪರಮಾಣು ಮುಗಿಯಲಿ ಅನ್ನುತ್ತಿದ್ದ. ಸೊಕ್ಕು ನೋಡಿ.

೧೯೭೧ರಲ್ಲಿ ಪುಣೆಯ ಸಾಹೇಬರ ಪತ್ರ ಬಂತು. ಜಗಳ ಮರೆಯೋಣ, ಲೆಕ್ಕ ಕಳಿಸು, ಸರಿ ಬಂದರೆ ನಿನ್ನ ಜಾಗ ನಿನಗೆ. ಜೊತೆಗೆ ಅಚ್ಚು ಹಾಕಿದ ಫಾರ್ಮು. ಅದನ್ನು ನೋಡಿಕೊಂಡು ಲೆಕ್ಕ ಮಾಡುವ ಯಂತ್ರದ ಕಾರ್ಡುಗಳಿಗೆ ತೂತು ಹೊಡೆಯುತ್ತಾರಂತೆ. ಅದರ ಚೌಕಗಳಲ್ಲಿ ದಶಾಂಶದ ಮುಂದೆ ಮೂರು ಅಂಕಿಗಷ್ಟೇ ಜಾಗ. ಲಗಮಣ್ಣನ ಅಕ್ಷರ ಕೋಳಿ ಕೆದರಿದ ಹಾಗೆ, ಆದ್ದರಿಂದ ಟೈಪ್ ಮಾಡಿಸಲು ನನ್ನ ಹತ್ತಿರ ತಂದ.

“ಶಿವಯೋಗೆಪ್ಪನವರ, ನಾಕನೇ ಅಂಕಿ ಚೌಕದ ಹೊರಗ ಹೋದ್ರೂ ಅಡ್ಡಿಯಿಲ್ರಿ, ಹೊಡೀರಿ. ಈ ಹರಳಿನಾಗ ಪರಮಾಣು ಕೂತ ಪೆಟಗಿ ಒಂದ ಕಡಿ ಭಾಳ ಉದ್ದ ಐತಿ. ಆ ಉದ್ದದಾಗ ಎಷ್ಟನೇ ಪಾಲಿಗೆ ಪರಮಾಣು ಐತಿ ಅಂತ ಬರದೀನಿ. ಉದ್ದ ಹೆಚ್ಚಾದಷ್ಟ ಕಡೀ ಅಂಕಿ ತೂಕ ಹೆಚ್ಚು. ಅದನ್ನ ಬಿಟ್ರ ಪರಮಾಣು ಜಾಗಾನ ಬಿಟ್ಟು ಸರೀತೈತಿ.”

“ಆತ್ರಿ ಮಾಸ್ತರ,” ಅಂದೆ.

ಹೊಡೆಯಲಿಲ್ಲ. ಚೌಕಕ್ಕೆ ಸರಿಯಾಗಿ ಮೂರೇ ಅಂಕಿ ಹೊಡೆದೆ. ಕುರಿಗಾರನ ಮಗ ನನಗೆ ಟೈಪ್ ಮಾಡುವುದನ್ನು ಕಲಿಸಬೇಕೆ? ಅವನು ಪರೀಕ್ಷೆಯ ಕೆಲಸಕ್ಕೆ ಸೋನ್ಯಾಳಕ್ಕೆ ಹೋಗಿದ್ದ ದಿನ ಲಕೋಟೆಯನ್ನು ನಾನೇ ಟಪಾಲಿಗೆ ಹಾಕಿದೆ.

ತಿಂಗಳ ಮೇಲೆ ಉತ್ತರ ಬಂತು. ಪರಮಾಣುಗಳ ಒಂದೇ ಉಂಗುರದೊಳಗೆ ಸಮನಾಗಿರಬೇಕಾದ ಅಂತರಗಳು ಒಂದೊಂದು ಒಂದೊಂದು ಥರ ಬಂದಿವೆ, ಇಂಥ ಕೆಲಸ ಮಾಡುವವನು ನಮಗೆ ಬೇಡ. ಲಗಮಣ್ಣ ಪತ್ರ ಹಿಡಿದು ನೇರ ಆಫೀಸಿಗೆ ಬಂದು, ಫೈಲಿನಿಂದ ಕಾರ್ಬನ್ ಪ್ರತಿ ಎಳೆದು ನೋಡಿದ.

“ನಾಕನೇ ಅಂಕಿ ಎಲ್ಲೈತ್ರಿ?”

“ನಿಮ್ಮ ಅಕ್ಷರ ತಿಳೀಲಿಲ್ರಿ.”

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಚಲೋ ಆಗುತ್ತಿತ್ತು.

“ಈಗ ನಾನ ಕಳಸಿದ್ರ, ಬೇಕಾದ ಅಂಕಿ ಆಮ್ಯಾಲ ಕೂಡಿಸ್ಯಾನ ಅಂತಾರ್ರಿ. ಟೈಪ್ ಮಾಡುವಾಗ ನೀವು ಬಿಟ್ಟೀರಿ ಅಂತ ಎರಡ ಸಾಲ ಬರದು ಸಹಿ ಮಾಡಿ ಕೊಡ್ರಿ. ಅಷ್ಟ ಸಾಕು.”

ನಾಳೆ ನೋಡೋಣ ಅಂದೆ. ಮರುದಿನವೂ ಅದನ್ನೇ ಅಂದೆ. ಎಂಟು ದಿನ ಅವನು ನನ್ನ ಮೇಜಿನ ಮುಂದೆ ಗಂಟೆ ಹೊಡೆಯುವ ತನಕ ನಿಂತು ತರಗತಿಗೆ ಹೋದ. ಒಂಬತ್ತನೆಯ ದಿನ ಬರಲಿಲ್ಲ. ಪುಣೆಯ ಜಾಗಕ್ಕೆ ಬೇರೊಬ್ಬ ಬಂದನೆಂದು ಆಮೇಲೆ ತಿಳಿಯಿತು.

ತಪ್ಪು ಒಪ್ಪಿಕೊಂಡರೆ ನೌಕರಿ ಹೋದೀತೆಂದು ಬರೆಯಲಿಲ್ಲ ಎಂದು ಹೆಂಡತಿ ಮಲಕವ್ವನಿಗೆ ಹೇಳಿದ್ದೇನೆ. ಸುಳ್ಳು. ಒಂದು ಟೈಪಿನ ತಪ್ಪಿಗೆ ಯಾರೂ ನನ್ನನ್ನು ತೆಗೆಯುತ್ತಿರಲಿಲ್ಲ. ಅವನು ಪುಣೆಗೆ ಹೋಗುವುದು ನನಗೆ ಬೇಡವಾಗಿತ್ತು.