ಲಾರೆನ್ಸರ ಎಡಗೆನ್ನೆ

ದಿನಾ ಬೆಳಿಗ್ಗೆ ಗಡ್ಡ ತೆಗೆಯುವಾಗ ಕಾಣುವ ನನ್ನ ಮಚ್ಚೆ ಯಾವ ಕೆನ್ನೆಯಲ್ಲಿದೆ ಎಂದು ನೀವು ಥಟ್ಟನೆ ಕೇಳಿದರೆ, ನಾನು ಮುಟ್ಟಿ ನೋಡಿಯೇ ಉತ್ತರಿಸಬೇಕು. ಸ್ವಂತ ಮುಖದ ವಿಷಯದಲ್ಲಿ ಇಷ್ಟು ಅಜ್ಞಾನಿಯಾದವನು ಒಮ್ಮೆ ಪರರ ಮುಖ ಕೆತ್ತಲು ಹೊರಟಿದ್ದೆ.

ತಪ್ಪು, ನಾನು ಆಗ ಕೆಲಸಕ್ಕಿದ್ದ ಕೊಲ್ಲಿ ನಾಡಿನ ಮತ್ರಾ ಎಂಬ ಬಂದರುಪೇಟೆಯ ಸಂತೆಗಲ್ಲಿಯದು. ಎಂಬತ್ತರ ದಶಕದ ಕೊನೆಯಲ್ಲಿ, ಅಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ, ಬೆಳ್ಳಿಯ ಕಠಾರಿಗಳ ನಡುವೆ, ಮುನ್ನೂರು ವರ್ಷ ಹಿಂದಿನ ಯುರೋಪಿನ ಗೃಹಸ್ಥನೊಬ್ಬನ ಅಚ್ಚುಚಿತ್ರ ಸಿಕ್ಕಿತು. ಹೂಕೋಸಿನಂಥ ಕೃತಕ ಕೇಶರಾಶಿ, ಕಸೂತಿಯ ಕೊರಳಪಟ್ಟಿ, ಮಾವನ ಮನೆಗೆ ಬಂದ ಹೊಸ ಅಳಿಯನ ಗಾಂಭೀರ್ಯ. ಹತ್ತಿರ ಹೋದರೆ ಎಲ್ಲವೂ ಕೂದಲೆಳೆಯ ಗೆರೆಗಳು, ಅವುಗಳ ಮೇಲೆ ಅಡ್ಡಗೆರೆಗಳು. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದಿದರೆ, ಮೇಣ ಸರಿದಲ್ಲೆಲ್ಲ ಆಮ್ಲ ತಾಮ್ರವನ್ನು ತಿನ್ನುತ್ತದೆ; ಹೆಚ್ಚು ತಿಂದಲ್ಲಿ ಹೆಚ್ಚು ಶಾಯಿ, ಹೆಚ್ಚು ನೆರಳು. ಇಷ್ಟನ್ನು ಪುಸ್ತಕದಲ್ಲಿ ಓದಿದೆ. ಒಂದು ಪುಟ ಓದದೆ ಬಿಟ್ಟೆ.

ಅಲ್ಲೇ ಹತ್ತಿರ, ನಾವಿದ್ದ ದಾರ್ಸೈಟ್ ಬಡಾವಣೆಯಲ್ಲಿ ನಮ್ಮ ಎದುರು ಫ್ಲ್ಯಾಟಿನ ಲಾರೆನ್ಸರು ಹೋಟೆಲೊಂದರ ಲಾಂಡ್ರಿ ಸೂಪರ್‌ವೈಸರ್. ಕೆಲಸ ಮುಗಿಸಿ ಮಂಗಳೂರಿಗೆ ಶಾಶ್ವತವಾಗಿ ಹೊರಟಿದ್ದರು. ಎಲ್ಲರೂ ಗಡಿಯಾರ ಕೊಟ್ಟರು. ನಾನು ಅವರಿಗೆ ಅವರದೇ ಮುಖ ಕೊಡುವೆನೆಂದು ಊರೆಲ್ಲ ಸಾರಿಬಿಟ್ಟಿದ್ದೆ. ಅವರ ಫೋಟೋ ನೋಡಿ ತಗಡು ಗೀಚಿ ಆಗಿತ್ತು; ಅಚ್ಚು ತೆಗೆಯುವ ದಿನದ ಮರುದಿನವೇ ಅವರ ವಿಮಾನ. ಚಿತ್ರ ಕೆಟ್ಟರೆ ನನ್ನದು ಬರಿಗೈ.

ಅಚ್ಚಿನ ಯಂತ್ರವೆಂದರೆ ಅವರ ಲಾಂಡ್ರಿಯಲ್ಲಿ ಒದ್ದೆ ಚಾದರ ಹಿಂಡುವ ಹಳೆಯ ಜೋಡಿ ರೋಲರು. ಶಾಯಿ ತುಂಬಿ ಒರೆಸಿದ ತಗಡು, ಮೇಲೆ ನೆನೆಸಿದ ಕಾಗದ, ಅದರ ಮೇಲೆ ಕಂಬಳಿ. ಹಿಡಿ ತಿರುಗಿಸಿದವರು ಸ್ವತಃ ಲಾರೆನ್ಸರು. ಅಂದು ಗುರುವಾರವೆಂದು ನೆನಪು, ಆದರೆ ನನ್ನ ನೆನಪು ಕಥೆಗೆ ಒಪ್ಪುವ ವಾರವನ್ನೇ ಒದಗಿಸುತ್ತದೆ, ನಂಬಬೇಡಿ.

ಕಾಗದ ಎತ್ತಿದೆ. ಲಾರೆನ್ಸರ ಎಡಗೆನ್ನೆಯ ಮಚ್ಚೆ ಬಲಕ್ಕೆ ಹಾರಿತ್ತು, ಬೈತಲೆ ದಿಕ್ಕು ಬದಲಿಸಿತ್ತು. ತಗಡಿನ ಎಡ ಕಾಗದದಲ್ಲಿ ಬಲವಾಗುತ್ತದೆ ಎಂಬುದೇ ಆ ಓದದ ಪುಟ.

"ಅಯ್ಯೋ ಜೆಜು!" ಎಂದರು ನೋಡಲು ಜೊತೆಗೆ ಬಂದಿದ್ದ ಅವರ ಹೆಂಡತಿ ಫಿಲೋಮಿನಾ ಬಾಯಿ. "ಇದು ಇವರ ತಮ್ಮ ಅಲ್ವಾ! ಇದೇ ಮುಖ, ಮಚ್ಚೆ ಬಲಕ್ಕೆ ಇರುದು ಅವನಿಗೇ! ಇಪ್ಪತ್ತು ವರ್ಷದಿಂದ ಮಾತು ಬಿಟ್ಟವನನ್ನು ಸೂಟ್‌ಕೇಸಲ್ಲಿ ಹೊತ್ತುಕೊಂಡು ಹೋಗುದಾ?"

ಲಾರೆನ್ಸರು ಮಾತ್ರ ಕಾಗದದಿಂದ ಕಣ್ಣು ತೆಗೆಯಲಿಲ್ಲ. "ನೀನು ಸುಮ್ಮನಿರು. ಇದು ನಾನೇ. ದಿನಾ ಗಡ್ಡ ತೆಗೆಯುವಾಗ ಕನ್ನಡಿಯಲ್ಲಿ ನೋಡುವವ ನಾನಲ್ವಾ? ಫೋಟೋದಲ್ಲೇ ಯಾವನೋ ಬೇರೆಯವ ಕೂತಿರ್ತಾನೆ ಮಾರಾಯ್ರೆ. ಖಲಾಸ್, ಕಟ್ಟಿ ಕೊಡಿ."

ವರ್ಷದ ಬಳಿಕ ಅವರ ಪತ್ರ ಬಂತು. ಚಿತ್ರವನ್ನು ಚಾವಡಿಯಲ್ಲಿ ತೂಗುಹಾಕಿದ್ದರಂತೆ. ಯಾವುದೋ ನೆಪದಲ್ಲಿ ಬಂದ ತಮ್ಮ, ಅಣ್ಣ ತನ್ನ ಚಿತ್ರವನ್ನಿಟ್ಟುಕೊಂಡಿದ್ದಾನೆಂದು ಭಾವಿಸಿ, ಅತ್ತು, ಊಟ ಮಾಡಿಯೇ ಹೋದನಂತೆ. ತಿದ್ದಲು ಬಾಯ್ತೆರೆದ ಲಾರೆನ್ಸರ ಕಾಲನ್ನು ಫಿಲೋಮಿನಾ ಬಾಯಿ ಮೇಜಿನಡಿ ತುಳಿದರಂತೆ.

ನಾನೀಗಲೂ ಗಡ್ಡ ತೆಗೆಯುವಾಗ ಮಚ್ಚೆ ಮುಟ್ಟಿ ನೋಡುತ್ತೇನೆ. ಎಡವೋ ಬಲವೋ ಎಂಬ ಬಗ್ಗೆ ಮಾತ್ರ ಕನ್ನಡಿಯ ಜೊತೆ ವಾದಕ್ಕಿಳಿಯುವುದಿಲ್ಲ.