ಬೆನ್ನಿನ ನೀರಿನಲ್ಲಿ ಅಡಗಿದ್ದ ಕ್ಷಯ

ಕೋವಿಡ್ ಗದ್ದಲ ಅಡಗಿದ ಮರುವರ್ಷ. ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ಸೂಕ್ಷ್ಮಜೀವಿ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಪಿಸಿಆರ್ ಎಂಬ ಹೆಸರು ಆ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿತ್ತು. ರೋಗಾಣುವಿನ ಡಿಎನ್‌ಎ ತುಣುಕನ್ನು ಯಂತ್ರದಲ್ಲಿ ಮತ್ತೆ ಮತ್ತೆ ದುಪ್ಪಟ್ಟು ಮಾಡಿ ಪತ್ತೆಹಚ್ಚುವ ಪರೀಕ್ಷೆ ಅದು. ಅದರ ಮೇಲೆ ನನಗೆ ಅಪಾರ ನಂಬಿಕೆ. ಆ ನಂಬಿಕೆಯನ್ನು ತಿದ್ದಿದವಳು ನನ್ನ ಟೆಕ್ನಿಷಿಯನ್ ಶಬಾನಾ.

ಆ ಮಳೆಗಾಲದಲ್ಲಿ ಖಾನಾಪುರದ ಕಡೆಯಿಂದ ಮಾರುತಿ ಎಂಬ ರೋಗಿ ಬಂದರು. ಲೋಂಡಾದಲ್ಲಿ ರೈಲ್ವೆ ಟ್ರ್ಯಾಕ್‌ಮನ್. ಕಾಡಿನ ನಡುವೆ ಹಳಿ ನೋಡುತ್ತ ದಿನವೂ ಮೈಲುಗಟ್ಟಲೆ ನಡೆಯುತ್ತಿದ್ದ ನಲವತ್ತರ ಗಟ್ಟಿ ಆಳು. ಮೂರು ವಾರದಿಂದ ಜ್ವರ, ತಲೆನೋವು. ನಮ್ಮಲ್ಲಿಗೆ ತರುವ ಹೊತ್ತಿಗೆ ಹೆಂಡತಿ ಸುನಂದಾ ಯಾರೆಂಬುದೂ ಅವರಿಗೆ ತಿಳಿಯುತ್ತಿರಲಿಲ್ಲ. ಮಿದುಳಿನ ಪೊರೆಗೆ ಕ್ಷಯ ತಗಲಿದೆ ಎಂಬುದು ನರರೋಗ ತಜ್ಞರ ಅನುಮಾನ. ಆದರೆ ಕಾಮಾಲೆಯಿಂದ ಮಾರುತಿಯವರ ಲಿವರ್ ಆಗಲೇ ಹದಗೆಟ್ಟಿತ್ತು. ಕ್ಷಯದ ಮುಖ್ಯ ಮಾತ್ರೆಗಳು ಲಿವರ್‌ಗೆ ಭಾರ. ಪುರಾವೆಯಿಲ್ಲದೆ ಕೊಟ್ಟರೆ ಜೀವಕ್ಕೆ ಅಪಾಯ, ಕ್ಷಯವೇ ಆಗಿದ್ದು ಕೊಡದಿದ್ದರೂ ಅಪಾಯ.

ಬೆನ್ನಿನ ನೀರು ತೆಗೆದು ಕಳಿಸಿದರು. ಮಿದುಳು, ಬೆನ್ನುಹುರಿಗಳ ಸುತ್ತ ಇರುವ ದ್ರವವದು. ಬಂದದ್ದು ಎರಡು ಎಂಎಲ್. ಬೇರೆ ಪರೀಕ್ಷೆಗಳಿಗೆ ಹಂಚಿದ ಮೇಲೆ ಪಿಸಿಆರ್‌ಗೆ ಉಳಿದದ್ದು ಅರ್ಧ ಎಂಎಲ್. ಕ್ಷಯದ ಡಿಎನ್‌ಎ ಸಿಗಲಿಲ್ಲ. ನಾನು ವರದಿಗೆ ಸಹಿ ಹಾಕಲು ಪೆನ್ನು ತೆಗೆದೆ.

"ಮೇಡಂ, ಸ್ವಲ್ಪ ತಡೀರಿ," ಎಂದಳು ಶಬಾನಾ. "ಅರ್ಧ ಎಂಎಲ್‌ನ್ಯಾಗ ಸಿಗಲಿಲ್ಲ ಅಂದ್ರ ಮನಶ್ಯಾನ ಮೈಯಾಗ ಇಲ್ಲ ಅಂತ ಹೆಂಗ ಹೇಳೂದ್ರಿ?"

ಅವಳು ಒಂದು ನೋಟ್‌ಬುಕ್ ತೆರೆದಳು. ಊಟದ ಬಿಡುವಿನಲ್ಲಿ, ಕ್ಷಯವಿದೆಯೆಂದು ಖಚಿತವಾಗಿದ್ದ ಹಳೆಯ ಮಾದರಿಗಳನ್ನು ತೆಳುಮಾಡುತ್ತ ಹೋಗಿ, ಪರೀಕ್ಷೆ ಎಲ್ಲಿ ಸೋಲುತ್ತದೆಂದು ತಿಂಗಳುಗಟ್ಟಲೆ ಗುರುತು ಮಾಡಿದ್ದಳು. ದ್ರವವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ತಳಕ್ಕಿಳಿದದ್ದನ್ನಷ್ಟೇ ಬಳಸಿದರೆ, ಮೊದಲು ತಪ್ಪಿಹೋಗುತ್ತಿದ್ದವೂ ಸಿಗುತ್ತಿದ್ದವು. ಆದರೆ ಅದಕ್ಕೆ ದ್ರವ ಹೆಚ್ಚು ಬೇಕು. ಇದೇ ನೋಟ್‌ಬುಕ್ಕನ್ನು ಹಿಂದೊಮ್ಮೆ ತಂದಿದ್ದಾಗ "ಆಮೇಲೆ ನೋಡೋಣ" ಎಂದು ಕಳಿಸಿದ್ದೆ. ಈ ಸಲ ಕೂತು ಓದಿದೆ. ಓದುತ್ತ ನನಗೇ ನಾಚಿಕೆಯಾಯಿತು.

ತಜ್ಞರಿಗೆ ಫೋನ್ ಮಾಡಿದೆ. ಸ್ಕ್ಯಾನ್ ನೋಡಿ, ಎಂಟು ಎಂಎಲ್ ತೆಗೆಯಬಹುದು ಎಂದರು. ಸುನಂದಾ ಮಾತ್ರ ಒಪ್ಪಲಿಲ್ಲ.

"ಒಮ್ಮೆ ಚುಚ್ಚಿ ಏನೂ ಸಿಗಲಿಲ್ಲ ಅಂದ್ರಿ. ಮತ್ತ ಯಾಕ್ರಿ ಅವ್ರಿಗೆ ತ್ರಾಸ?"

ನನ್ನ ಜೊತೆ ವಾರ್ಡಿಗೆ ಬಂದಿದ್ದ ಶಬಾನಾ ಅವರ ಪಕ್ಕದಲ್ಲಿ ಕುಳಿತಳು. "ಅಕ್ಕಾರ, ಲೋಂಡಾ ಸ್ಟೇಷನ್ದಾಗ ಗಾಡಿ ಬಂತು ಅನ್ರಿ. ಒಂದ ಡಬ್ಬಿ ನೋಡಿ, ನಮ್ಮವ್ರು ಬಂದಿಲ್ಲ ಅಂತ ಮನಿಗೆ ಹೋಗ್ತೀರೇನು? ನಾವು ಒಂದ ಡಬ್ಬಿ ನೋಡೇವ್ರಿ. ಇಡೀ ಗಾಡಿ ನೋಡಾಕ ಬಿಡ್ರಿ."

ಸುನಂದಾ ಗಂಡನ ಮುಖ ನೋಡಿದರು. "ಖರೇ ಹೇಳ್ರಿ, ಸಿಗತೈತೇನು?"

"ಸಿಗತೈತಿ ಅಂತ ಮಾತು ಕೊಡಾಕ ಆಗೂದಿಲ್ರಿ. ಆದ್ರ ಇತ್ತಂದ್ರ ಹುಡುಕದ ಬಿಡೂದಿಲ್ಲ."

ಸುನಂದಾ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಮಧ್ಯಾಹ್ನ ಮಾದರಿ ಬಂತು. ತಿರುಗಿಸಿದ ಮೇಲೂ ನಳಿಗೆಯ ತಳದಲ್ಲಿ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಶಬಾನಾ ಮೇಲಿನ ದ್ರವವನ್ನು ಉಸಿರು ಬಿಗಿಹಿಡಿದು ಹೀರಿ ತೆಗೆದು, ಉಳಿದದ್ದರಿಂದ ಡಿಎನ್‌ಎ ಬೇರ್ಪಡಿಸಿದಳು. ಯಂತ್ರದೊಳಗಿಡುವ ತಟ್ಟೆಯ ಎರಡು ಪುಟ್ಟ ಕುಳಿಗಳಲ್ಲಿ ಮಾದರಿ. ಪಕ್ಕದ್ದರಲ್ಲಿ, ಹೊರಗಿನ ಕಲ್ಮಶ ಸೇರಿದ್ದರೆ ತಿಳಿಯಲೆಂದು, ಬರೀ ಶುದ್ಧ ನೀರು. ದುಪ್ಪಟ್ಟಾಗುವ ಪ್ರತಿ ಸುತ್ತಿಗೂ ಪರದೆಯ ಗೆರೆ ಮುಂದೆ ಸಾಗುತ್ತದೆ; ಕ್ಷಯದ ಡಿಎನ್‌ಎ ಇದ್ದರೆ ಮೇಲೇಳುತ್ತದೆ. ಮೂವತ್ತನೆಯ ಸುತ್ತು, ಮೂವತ್ತನಾಲ್ಕು. ಗೆರೆ ಮಲಗಿಯೇ ಇತ್ತು. ಮೂವತ್ತಾರರಲ್ಲಿ ಎರಡೂ ಕುಳಿಗಳ ಗೆರೆಗಳು ಮೇಲೆದ್ದವು. ನೀರಿನದು ಅಲ್ಲಾಡಲಿಲ್ಲ.

ಇಷ್ಟು ತಡವಾಗಿ ಏಳುವ ಗೆರೆಯನ್ನು ಒಮ್ಮೆಲೇ ನಂಬಬಾರದು. ಮತ್ತೊಮ್ಮೆ ಮಾಡು ಎನ್ನುವಷ್ಟರಲ್ಲಿ ಅವಳು ಎತ್ತಿಟ್ಟಿದ್ದ ಡಿಎನ್‌ಎ ನಳಿಗೆ ತೋರಿಸಿದಳು: "ನೀವು ಕೇಳ್ತೀರಿ ಅಂತ ಗೊತ್ತಿತ್ರಿ." ಎರಡನೆಯ ಸಲವೂ ಗೆರೆ ಎದ್ದಿತು. ನಾನು ಓಡುನಡಿಗೆಯಲ್ಲಿ ವಾರ್ಡಿಗೆ ಹೋದೆ.

ಲಿವರ್‌ಗೆ ಹಗುರಾದ ಔಷಧಗಳನ್ನು ಅದೇ ಸಂಜೆ ಶುರು ಮಾಡಿ, ಉಳಿದವನ್ನು ಒಂದೊಂದಾಗಿ ಸೇರಿಸಿದರು. ಹತ್ತನೆಯ ದಿನ ಮಾರುತಿ ಹೆಂಡತಿಯನ್ನು ಹೆಸರು ಹಿಡಿದು ಕರೆದರು. ವಾರಗಳ ನಂತರ, ಮಾದರಿಯಿಂದ ರೋಗಾಣು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಕ್ಷಯದ ರೋಗಾಣುವೇ ಬೆಳೆದು, ನಮ್ಮ ಫಲಿತಾಂಶವನ್ನು ಸಮರ್ಥಿಸಿತು. ಅಷ್ಟು ದಿನ ಕಾದಿದ್ದರೆ ಅವರು ಉಳಿಯುತ್ತಿರಲಿಲ್ಲ ಎಂದರು ತಜ್ಞರು. ಎಡಗಾಲಿನ ಬಲ ಪೂರ್ತಿ ಮರಳಲಿಲ್ಲ. ಹಳಿಯ ನಡಿಗೆ ಬಿಟ್ಟು ಈಗ ಸ್ಟೇಷನ್ನಿನಲ್ಲೇ ಕೆಲಸ ಮಾಡುತ್ತಾರೆ.

ಮರುವಾರವೇ ಶಬಾನಾಳ ವಿಧಾನವನ್ನು ಪ್ರಯೋಗಾಲಯದ ನಿಯಮ ಮಾಡಿದೆ. ಬೆನ್ನಿನ ನೀರಿನ ಪ್ರತಿ ವರದಿಯಲ್ಲೂ, ಪರೀಕ್ಷೆಗೆ ಸಿಕ್ಕಿದ್ದು ಎಷ್ಟು ಎಂಎಲ್ ಎಂಬುದನ್ನು ಬರೆಯತೊಡಗಿದೆವು. ಯಂತ್ರ ತನಗೆ ಕೊಟ್ಟದ್ದರ ಬಗ್ಗೆ ಮಾತ್ರ ಹೇಳುತ್ತದೆ. ಕೊಟ್ಟದ್ದು ಸಾಕಾಗಿತ್ತೇ ಎಂದು ಕೇಳಬೇಕಾದವರು ನಾವು. ಮೂವತ್ತು ವರ್ಷ ಸಹಿ ಹಾಕಿದ ಮೇಲೆ ನಾನು ಇದನ್ನು ಕಲಿತೆ, ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದವಳಿಂದ.